ಎರಡನೇ ಬುಗುರಿ

"ಇದು ಟೀಚರಮ್ಮೋರು ಕೊಟ್ಟಿದ್ದು. ಇದು ಆಮೇಲೆ ಬಂದಿದ್ದು," ಅಂತ ಮುನಿಯಮ್ಮ ಜಗಲಿ ಮೇಲೆ ಎರಡು ಬುಗುರಿ ಇಟ್ಟಳು.

ಎರಡೂ ಕೆಂಪು, ಎರಡೂ ನಿಂಬೆಹಣ್ಣಿನ ಗಾತ್ರ. ಟೀಚರಮ್ಮನ ಬುಗುರಿ ಮೇಲೆ ಹಸಿರು ಬಣ್ಣದಲ್ಲಿ ಒಂದು ಹೊಂಗೆ ಎಲೆ ಬರೆದಿತ್ತು. ಇನ್ನೊಂದು ಬೋಳು. ಬಾಲರಾಜು ಕನ್ನಡಕ ಹಣೆಗೇರಿಸಿ ಬೋಳು ಬುಗುರಿಯನ್ನು ಕಣ್ಣ ಹತ್ತಿರ ತಂದು ನೋಡಿದ. ಸಾಲದು ಅಂತ ಮೂಸಿಯೂ ನೋಡಿದ.

ಮೂವತ್ತನಾಲ್ಕು ವರ್ಷ ಚನ್ನಪಟ್ಟಣದ ಸುತ್ತಮುತ್ತ ಕಾಗದ ಹಂಚಿ ರಿಟೈರಾದ ಪೋಸ್ಟ್‌ಮ್ಯಾನ್ ಅವನು. ಯಾವ ಮನೆಯ ನಾಯಿ ಕಚ್ಚುತ್ತೆ, ಯಾವ ಮನೆಯ ಯಜಮಾನನೇ ಕಚ್ಚುತ್ತಾನೆ ಅನ್ನೋದೆಲ್ಲ ಬಾಯಿಪಾಠ. ಏನಾದರೂ ಕಳೆದುಹೋದರೆ ಜನ ಪೊಲೀಸ್ ಸ್ಟೇಷನ್ನಿಗಿಂತ ಮೊದಲು ಅವನ ಮನೆ ಬಾಗಿಲು ತಟ್ಟುತ್ತಿದ್ದುದು ಅದಕ್ಕೇ.

ಈ ಸಲ ಕಳೆದುಹೋಗುತ್ತಿದ್ದುದು ಮಕ್ಕಳು. ಗಾಬರಿ ಬೇಡ, ಮಕ್ಕಳು ಅವರವರ ಮನೆಯಲ್ಲೇ ಉಂಡುಕೊಂಡು ಆಡಿಕೊಂಡು ಚೆನ್ನಾಗಿದ್ದವು. ಅಸ್ರಾ ಮೇಡಮ್ಮಿನ ಹೊಂಗೆ ಹೈಸ್ಕೂಲಿನ ಪಟ್ಟಿಯಿಂದ ಮಾತ್ರ ಒಂದೊಂದಾಗಿ ಜಾರಿಹೋಗುತ್ತಿದ್ದವು. ಎಂಟನೇ ಕ್ಲಾಸಿಗೆ ಸೇರಿಸ್ತೀವಿ ಅಂತ ಮೂವತ್ತು ಮನೆಯವರು ಹೂಂ ಅಂದಿದ್ದರು. ಹದಿನೈದು ದಿನದಲ್ಲಿ ಹನ್ನೊಂದು ಮನೆಯವರು ಊಹೂಂ ಅಂದರು. ಉಳಿದದ್ದು ಹತ್ತೊಂಬತ್ತು. ಶನಿವಾರ ಶಾಲೆ ನಡೆಸುವ ಟ್ರಸ್ಟಿನ ಮೀಟಿಂಗು. ಅಷ್ಟರೊಳಗೆ ಇಪ್ಪತ್ತೈದು ಹೆಸರು ತೋರಿಸದಿದ್ದರೆ ಶಾಲೆಗೆ ಬೀಗ. ಇವತ್ತು ಬುಧವಾರ.

ಆ ಹೆಣ್ಣುಮಗಳು ಈ ಮೂವತ್ತು ಮನೆ ಹಿಡಿಯೋಕೆ ಪಟ್ಟ ಪಾಡು ಕಣ್ಣಾರೆ ನೋಡಿದವನು ಬಾಲರಾಜು. ಮೈಸೂರು ರಸ್ತೆ ಮೇಲೆ ಫ್ಲೆಕ್ಸು ಕಟ್ಟಿಸೋ ತಾಕತ್ತಿಲ್ಲ, ಪೇಪರಿನಲ್ಲಿ ಜಾಹೀರಾತು ಹಾಕಿಸೋ ಮಾತೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಅವಳಿಗೆ ಹಾಸಿಗೆ ಎಲ್ಲಿತ್ತು, ಹರಿದ ಚಾಪೆ. ಆದರೂ ಬಿಡಲಿಲ್ಲ ನೋಡಿ. ತನ್ನ ಹತ್ತಿರ ಓದಿದ ಮಕ್ಕಳ ಅಪ್ಪಂದಿರು ಆಟೋ ಓಡಿಸುತ್ತಿದ್ದರಲ್ಲ, ಅವರ ಆಟೋ ಬೆನ್ನಿಗೆಲ್ಲ ಸ್ಟಿಕ್ಕರ್ ಅಂಟಿಸಿದಳು. ಹಾರೋಹಳ್ಳಿ ಫ್ಯಾಕ್ಟರಿ ಬಸ್ಸು ನಿಲ್ಲುವ ಕಡೆ ಬೆಳಿಗ್ಗೆ ಆರಕ್ಕೇ ಹೋಗಿ ನಿಂತು, ಕೆಲಸಕ್ಕೆ ಹೊರಟ ಅಪ್ಪ ಅಮ್ಮಂದಿರ ಕೈಗೆ ಪಾಂಪ್ಲೆಟ್ ಕೊಟ್ಟಳು. ಏಪ್ರಿಲ್‌ನಲ್ಲಿ 'ಒಂದು ದಿನ ಹೈಸ್ಕೂಲು' ಅಂತ ಮಾಡಿ ಏಳನೇ ಕ್ಲಾಸಿನ ಮಕ್ಕಳನ್ನು ಕರೆದು, ಲ್ಯಾಬು ತೋರಿಸಿ, ಲೆಕ್ಕ ಆಡಿಸಿ, ಮಧ್ಯಾಹ್ನ ಚಿತ್ರಾನ್ನ ಬಡಿಸಿ ಕಳಿಸಿದಳು.

ಕೊನೆಗೆ ಈ ಬುಗುರಿ. ಅಸ್ರಾಳ ಅಪ್ಪ ಸನಾವುಲ್ಲಾ ಚನ್ನಪಟ್ಟಣದ ಹಳೇ ಗೊಂಬೆ ಕೆಲಸದವರು. ನೂರು ಬುಗುರಿ ಲೇತಿನಲ್ಲಿ ಕಡೆದು ಕೊಟ್ಟರು. ಮಗಳು ಒಂದೊಂದಕ್ಕೂ ಎಲೆ ಬರೆದು, ಮನೆಮನೆಗೆ ಹೋಗಿ ಮಕ್ಕಳ ಕೈಗಿಟ್ಟು ಬಂದಳು.

"ಆಮೇಲೆ ಬಂದಿದ್ದು ಅಂದ್ರಲ್ಲ ಅಕ್ಕ, ಯಾರು ತಂದ್ರು?" ಬಾಲರಾಜು ಕೇಳಿದ.

ಮುನಿಯಮ್ಮನಿಗೆ ಗೊತ್ತಿಲ್ಲ. ಮಗ ಸೊಸೆ ಇಬ್ಬರೂ ಫ್ಯಾಕ್ಟರಿಗೆ ಹೋಗಿದ್ದರಂತೆ, ತಾನು ಹಸು ಹಿಡಿದುಕೊಂಡು ಹೊಲದ ಕಡೆ ಹೋಗಿದ್ದಳಂತೆ, ಮೊಮ್ಮಗಳು ಸಿರಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಬಂದು ನೋಡಿದರೆ ಕಿಟಕಿಯಲ್ಲಿ ಒಂದು ಲಕೋಟೆ. ಒಳಗೆ ಬುಗುರಿ, ಜೊತೆಗೆ ಒಂದು ಕಾಗದ. ಸ್ಕೂಲು ಮುಚ್ಚುತ್ತೆ ಅಂತ ಅದರಲ್ಲಿ ಬರೆದಿತ್ತಂತೆ, ಮಗ ಓದಿ ಹೇಳಿದ. ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಎಲ್ಲಾ ಊರಲ್ಲೂ ಇದ್ದಾರೆ.

ಬಾಲರಾಜು ಕಾಗದ ಇಸಕೊಂಡು ಓದಿದ. ಕಂಪ್ಯೂಟರಿನಲ್ಲಿ ಹೊಡೆದದ್ದು, ಸಹಿ ಇಲ್ಲ.

'ಸಿರಿಯ ಮನೆಯವರಿಗೆ ನಮಸ್ಕಾರ. ಸಿರಿ ಭಿನ್ನರಾಶಿಯ ಲೆಕ್ಕಗಳನ್ನು ಬಾಯಲ್ಲೇ ಮಾಡುತ್ತಾಳೆ. ಎಲ್ಲರಿಗೂ ಹಾಗೆ ಬರುವುದಿಲ್ಲ. ದಯವಿಟ್ಟು ಅವಳ ಓದು ನಿಲ್ಲಿಸಬೇಡಿ. ಆದರೆ ಹೊಂಗೆ ಹೈಸ್ಕೂಲಿಗೆ ಸೇರಿಸಬೇಡಿ, ಈ ವರ್ಷ ಆ ಶಾಲೆ ನಡೆಯುವುದಿಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ಇನ್ನೂ ಸೀಟು ಇದೆ. ಈ ವಾರವೇ ಹೋಗಿ ವಿಚಾರಿಸಿ.'

ಎರಡು ಸಲ ಓದಿದ.

ಜೀವಮಾನದಲ್ಲಿ ಅವನು ಮೂಗರ್ಜಿಗಳನ್ನು ಕಡಿಮೆ ನೋಡಿಲ್ಲ. ಮೂಗರ್ಜಿ ಬರೆಯೋನಿಗೆ ಹೊಟ್ಟೆಯೆಲ್ಲಾ ನಂಜು. ಇದರಲ್ಲಿ ನಂಜು ಎಲ್ಲಿದೆ? ಇದನ್ನು ಬರೆದವರು ಆ ಮಗುವಿನ ತಲೆ ಸವರಿ ಬರೆದ ಹಾಗಿತ್ತು. ಹೀಗೇ ಲಕೋಟೆ ಬಂದಿದ್ದ ಇನ್ನೂ ಆರು ಮನೆಯ ಕಾಗದಗಳೂ ಇದೇ ಥರ. ಒಬ್ಬಳಿಗೆ ಚಿತ್ರ ಚೆನ್ನಾಗಿ ಬರುತ್ತೆ ಅಂತ, ಒಬ್ಬನಿಗೆ ದೂರದ ಬೋರ್ಡು ಕಾಣಿಸ್ತಿಲ್ಲ, ಕಣ್ಣು ತೋರಿಸಿ ಅಂತ.

ಮೊದಮೊದಲು ಅವನು ಅನುಮಾನ ಪಟ್ಟಿದ್ದು ಮನೋಹರ್ ಮೇಲೆ. ಹೈವೇ ಪಕ್ಕದ ದೊಡ್ಡ ಇಂಟರ್‌ನ್ಯಾಷನಲ್ ಸ್ಕೂಲಿನ ಮ್ಯಾನೇಜರು, ಟೈ ಕಟ್ಟೋ ಆಸಾಮಿ. ಸೋಮವಾರ ಹೋಗಿ ವಿಚಾರಿಸಿದಾಗ ಅವನು ನಕ್ಕುಬಿಟ್ಟಿದ್ದ. ನಾವು ಎಸಿ ಬಸ್ಸು ತೋರಿಸಿ ಮಕ್ಕಳನ್ನ ಕರೀತೀವಿ ಬಾಲಣ್ಣ, ಬುಗುರಿ ಗಿಗುರಿ ನಮ್ಮ ಲೆವೆಲ್ಲಲ್ಲ ಅಂದಿದ್ದ. ಮಾತು ಕೇಳಿದರೆ ಕಪಾಳಕ್ಕೆ ಬಿಡಬೇಕು ಅನಿಸಿದರೂ ಅದು ಸುಳ್ಳಲ್ಲ ಅಂತ ಈಗ ಖಾತ್ರಿಯಾಯಿತು. ಮನೋಹರನ ಕೆಲಸವಾಗಿದ್ದರೆ ಕಾಗದದಲ್ಲಿ ಅವನ ಸ್ಕೂಲಿನ ಹೆಸರಿರುತ್ತಿತ್ತು, ಸರ್ಕಾರಿ ಹೈಸ್ಕೂಲಿಗೆ ಯಾಕೆ ಕಳಿಸುತ್ತಿದ್ದ?

"ಯಾರು ಬಂದಿದ್ರೋ ಕಾಣೆ," ಅಂದಳು ಮುನಿಯಮ್ಮ. "ಕೆಟ್ಟ ಸುದ್ದಿ ತಂದ್ರೂವೆ ಮಕ್ಕಳಿರೋ ಮನೆಗೆ ಬರಿಗೈಲಿ ಬರಲಿಲ್ಲ ಕಣಪ್ಪ. ಒಳ್ಳೇ ಮನೆತನದೋರೇ ಇರಬೇಕು."

ಬಾಲರಾಜು ತಲೆ ಎತ್ತಿ ಅವಳ ಮುಖ ನೋಡಿದ. ಹೌದಲ್ಲ! ಇಷ್ಟು ದಿನ ಅವನು ಬುಗುರಿಯನ್ನು ಮೋಸದ ಸಾಮಾನು ಅಂತ ನೋಡುತ್ತಿದ್ದ. ಶಾಲೆಯವರದ್ದೇ ಅಂತ ನಂಬಿಸೋಕೆ ಇಟ್ಟ ಸಾಮಾನು. ಹಾಗಿದ್ದರೆ ಮೇಲೆ ಎಲೆ ಇರಬೇಕಿತ್ತು. ಇದು ಮೋಸಕ್ಕೆ ತಂದದ್ದಲ್ಲ, ಮರ್ಯಾದೆಗೆ ತಂದದ್ದು. ನಾವು ನೀವು ಮಕ್ಕಳಿರೋ ಮನೆಗೆ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಬಿಸ್ಕತ್ತು ಪೊಟ್ಟಣವೋ ಬಾಳೆಹಣ್ಣೋ ತಗೊಳ್ತೀವಿ. ಬುಗುರಿ ತರೋರು ಯಾರು? ಮನೆಯಲ್ಲಿ ಬುಗುರಿ ಇರೋರು.

ಅದೂ ಎಂಥ ಬುಗುರಿ! ಈಗಿನ ಕಾಲದಲ್ಲಿ ಅರಗು ಹಚ್ಚಿ ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುವಷ್ಟು ತಾಳ್ಮೆ ಇರುವ ಕೈಗಳು ಚನ್ನಪಟ್ಟಣದಲ್ಲೂ ಕಡಿಮೆ. ಅಂಥ ಒಂದು ಕೈ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದರಲ್ಲಿ ನಾಲ್ಕು ಮನೆಗೆ ಬಿಳಿಗಡ್ಡದ ಯಜಮಾನರೊಬ್ಬರು ಖುದ್ದಾಗಿ ಬಂದು, ಬುಗುರಿ ಕೊಟ್ಟು, ಶಾಲೆ ಮುಚ್ಚುತ್ತೆ ಅಂತ ಮೆತ್ತಗೆ ಹೇಳಿ ಹೋಗಿದ್ದರು. ಉಳಿದ ಏಳು ಮನೆಗೆ ಲಕೋಟೆ.

ಸಿರಿಯನ್ನು ಪುಸಲಾಯಿಸಿ ಬೋಳು ಬುಗುರಿ ಇಸಕೊಂಡು ಬಾಲರಾಜು ತನ್ನ ಹಳೇ ಮೊಪೆಡ್ ಹತ್ತಿದ. ಕೆಂಗಲ್ ಹನುಮಂತರಾಯನಿಗೆ ರಸ್ತೆಯಿಂದಲೇ ಕೈ ಮುಗಿದು, ನನ್ನ ಊಹೆ ಸುಳ್ಳು ಮಾಡಪ್ಪಾ ಅಂತ ಬೇಡಿಕೊಂಡ.

ಸನಾವುಲ್ಲಾ ಸಾಬರು ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಲೇತಿನ ಮುಂದೆ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಗಡ್ಡದ ತುಂಬ ಮರದ ಹೊಟ್ಟು. ಬಾಲರಾಜುವನ್ನು ಕಂಡು ಮಿಷನ್ ನಿಲ್ಲಿಸಿ, ಚಾಪೆ ಕೊಡವಿ ಹಾಕಿ, ಒಳಗೆ ಹೋಗಿ ತಾವೇ ಟೀ ಮಾಡಿ ತಂದರು. ಆ ಟೀ ಕುಡಿದು ಆ ಪ್ರಶ್ನೆ ಕೇಳೋದು ಹೇಗೆ? ಬಾಲರಾಜು ಲೋಟ ಪಕ್ಕಕ್ಕಿಟ್ಟ. ಸಿರಿಯದ್ದೂ ಸೇರಿ ಬೇರೆಬೇರೆ ಮನೆಗಳಿಂದ ಇಸಕೊಂಡಿದ್ದ ಐದು ಬೋಳು ಬುಗುರಿಗಳನ್ನು ಚೀಲದಿಂದ ತೆಗೆದು ಚಾಪೆ ಮೇಲೆ ಸಾಲಾಗಿ ಇಟ್ಟ.

"ಸಾಬ್ರೆ, ಬೇಜಾರು ಮಾಡ್ಕೋಬ್ಯಾಡಿ. ಮನೆಮನೆಗೆ ಹೋಗಿ ಸ್ಕೂಲು ಮುಚ್ತದೆ ಅಂದೋರು ನೀವೇ ತಾನೆ?"

ಸನಾವುಲ್ಲಾ ಬುಗುರಿ ನೋಡಿದರು, ಟವೆಲಿನಲ್ಲಿ ಕೈ ಒರೆಸಿಕೊಂಡರು.

"ಹೌದು," ಅಂದರು.

ಇಲ್ಲ ಅಂತಾರೆ, ಆಗ ಹಿಂಗೆ ಹಿಡೀಬೇಕು ಹಂಗೆ ಹಿಡೀಬೇಕು ಅಂತ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದ ಬಾಲರಾಜುವಿನ ಶ್ರಮವೆಲ್ಲ ದಂಡವಾಯಿತು. ಆಮೇಲೆ ಸಿಟ್ಟು ಬಂತು.

"ಬೇಲಿನೇ ಎದ್ದು ಹೊಲ ಮೇಯ್ದಂಗೆ ಆಯ್ತಲ್ಲ ಸಾಬ್ರೆ. ಹೆತ್ತ ಮಗಳು ಬಿಸಿಲಲ್ಲಿ ಅಲೆದು ಒಂದೊಂದೇ ಮಗು ಕೂಡಿಸ್ತಾವಳೆ. ನೀವು ಹಿಂದಿಂದೆ ಹೋಗಿ ಬಿಡಿಸ್ತಾ ಬಂದಿದ್ದೀರಿ."

ಅವರು ಎದ್ದು ಒಳಗೆ ಹೋಗಿ ಒಂದು ಕಾಗದ ತಂದು ಬಾಲರಾಜು ಕೈಗಿಟ್ಟರು. ಸರ್ಕಾರಿ ಹೈಸ್ಕೂಲಿನ ಟೀಚರ್ ಕೆಲಸದ ಆರ್ಡರು. ಅಸ್ರಾಳ ಹೆಸರು. ಮಾಗಡಿ ಕಡೆಯ ಒಂದು ಹಳ್ಳಿ, ಮುಂದಿನ ವಾರದೊಳಗೆ ಹೋಗಿ ಸೇರಬೇಕು. ಅವಳು ಇದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದಳಂತೆ. ಸಾಬರಿಗೆ ಕನ್ನಡ ಓದೋಕೆ ಬರೋದಿಲ್ಲ, ಬರೋದು ಉರ್ದು ಮಾತ್ರ. ಸರ್ಕಾರದ ಮೊಹರು ನೋಡಿ ಪಕ್ಕದ ಮನೆಯವರ ಹತ್ತಿರ ಓದಿಸಿದಾಗ ವಿಷಯ ತಿಳಿಯಿತಂತೆ. ಮಗಳನ್ನು ಕೇಳಿದರೆ ಶಾಲೆ ಬಿಟ್ಟು ಎಲ್ಲಿಗೂ ಹೋಗಲ್ಲ ಅಂದಳಂತೆ.

ಹೇಳುತ್ತಾ ಹೇಳುತ್ತಾ ಮುದುಕರು ಟವೆಲನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು. ಮಗಳಿಗೆ ಮೂವತ್ತೆಂಟಾಯಿತು, ನಾನು ಹೋದ ಮೇಲೆ ಯಾರು ದಿಕ್ಕು? ಮಧ್ಯಾಹ್ನ ಊಟ ಮಾಡಲ್ಲ, ರಾತ್ರಿಯೆಲ್ಲಾ ಕೆಮ್ಮುತ್ತಾಳೆ, ಬೆಳಿಗ್ಗೆ ಎದ್ದು ಪಾಂಪ್ಲೆಟ್ ಹಂಚೋಕೆ ಹೋಗುತ್ತಾಳೆ. ಶಾಲೆ ತಾನಾಗೇ ನಿಂತರೆ ಬೇರೆ ದಾರಿ ಇಲ್ಲದೆ ಮಾಗಡಿಗೆ ಹೋಗುತ್ತಾಳೆ, ನೆರಳಲ್ಲಿ ಕೂತು ಪಾಠ ಮಾಡುತ್ತಾಳೆ ಅಂತ ಅವರ ಲೆಕ್ಕಾಚಾರ.

"ಅವಳ ಅಮ್ಮಿ ಇದ್ದಿದ್ರೆ ಕೂರಿಸಿ ಬುದ್ಧಿ ಹೇಳ್ತಿದ್ಲು," ಅಂದರು. "ನನಗೆ ಹೇಳೋಕೆ ಬರಲ್ಲ ಬಾಲಣ್ಣ. ಬುಗುರಿ ಮಾಡೋಕೆ ಬರ್ತದೆ ಅಷ್ಟೇ."

ಬಾಲರಾಜುವಿನ ಸಿಟ್ಟು ಎಲ್ಲಿ ಹೋಯಿತೋ. ಆರಿದ ಟೀ ಎತ್ತಿ ಒಂದೇ ಗುಟುಕಿಗೆ ಕುಡಿದ. ಕೇಸು ಮುಗಿಯಿತು ಅಂದುಕೊಂಡ. ಇನ್ನು ಹನ್ನೊಂದು ಮನೆಗೂ ಹೋಗಿ ಇದು ಹೀಗೆ ಅಂತ ತಿಳಿಹೇಳಿದರೆ ಆರು ಮಕ್ಕಳಾದರೂ ವಾಪಸ್ ಬರೋಲ್ಲವಾ? ಶನಿವಾರಕ್ಕೆ ಇಪ್ಪತ್ತೈದು ಆಗುತ್ತೆ.

"ಆಗಿದ್ದಾಯ್ತು ಬುಡಿ. ನಾಳೆ ಬೆಳಿಗ್ಗೆಯಿಂದ ನಾನೂ ನೀವೂ ಹನ್ನೊಂದು ಮನೆಗೂ ಹೋಗಿ ಬರೋಣ."

ಸಾಬರು ಹುಬ್ಬು ಗಂಟಿಕ್ಕಿದರು. "ಹನ್ನೊಂದು ಯಾವುದು? ನಾನು ಹೋಗಿದ್ದು ನಾಲ್ಕು ಮನೆ. ನಾಲ್ಕನೇ ಮನೆಯಲ್ಲಿ ಆ ಮಗು ನನ್ನ ಕಾಲು ಮುಟ್ಟಿ, ಹೊಸ ಸ್ಕೂಲಿಗೆ ಹೋಗ್ತೀನಿ ತಾತ, ದುವಾ ಮಾಡಿ ಅಂತು. ಆಮೇಲೆ ಕಾಲು ಏಳಲಿಲ್ಲ."

"ಮತ್ತೆ ಲಕೋಟೆ?"

"ಯಾವ ಲಕೋಟೆ?"

ಬಾಲರಾಜು ನಿಧಾನವಾಗಿ ಸಿರಿಯ ಮನೆಯ ಕಾಗದ ತೆಗೆದು ಓದಿ ಹೇಳಿದ. ಸಾಬರು ಕಣ್ಣು ಮುಚ್ಚಿ ಕೇಳಿದರು. ಇನ್ನೊಂದು ಸಲ ಓದಿ ಅಂದರು. ಕನ್ನಡದ ಅಕ್ಷರ ಬಾರದ ಮನುಷ್ಯ ಕಂಪ್ಯೂಟರಿನಲ್ಲಿ ಕಾಗದ ಹೊಡೆಯೋದುಂಟಾ? ಸಿರಿ ಲೆಕ್ಕದಲ್ಲಿ ಜಾಣೆ ಅಂತ ಗೊಂಬೆ ಮಾಡುವ ಮುದುಕರಿಗೆ ಹೇಗೆ ಗೊತ್ತಾಗಬೇಕು? ಎರಡನೇ ಸಲ ಓದುವಾಗ ಬಾಲರಾಜುವಿನ ದನಿಯೇ ಸಣ್ಣಗಾಯಿತು.

ಇನ್ನೊಂದು ಮಾತೂ ಆಗಲೇ ನೆನಪಾಯಿತು. ನಾಲ್ಕು ಮನೆಯವರು ಕೈಬಿಟ್ಟರು, ಯಾರ ಕೆಲಸ ಅಂತ ಹುಡುಕಿಕೊಡಿ ಬಾಲಣ್ಣ ಅಂತ ಅಸ್ರಾ ಅವನ ಮನೆಗೆ ಬಂದಿದ್ದಳು. ನಾಲ್ಕೇ ನಾಲ್ಕು. ಮೂವತ್ತು ಮನೆಗೂ ಅವನಾಗಿಯೇ ಹೋಗಿ ವಿಚಾರಿಸಿದಾಗ ಬೇರೆ ಏಳು ಮನೆಯವರೂ ಬಿಟ್ಟಿದ್ದು ಗೊತ್ತಾಗಿತ್ತು. ಅದನ್ನು ಹೇಳಿದಾಗ ಅವಳು ನೆಲ ನೋಡಿಕೊಂಡು ಹೌದಾ ಅಂದಿದ್ದಳು. ಪಾಪ, ದುಃಖ ಅಂದುಕೊಂಡಿದ್ದ.

ಸಾಬರು ಐದು ಬುಗುರಿಗಳನ್ನೂ ಒಂದೊಂದಾಗಿ ಎತ್ತಿ ಹೆಬ್ಬೆರಳಿನಲ್ಲಿ ಸುತ್ತಲೂ ಸವರಿದರು. ಎರಡನ್ನು ಎಡಗಡೆ ಇಟ್ಟರು. ಮೂರನ್ನು ಬಲಗಡೆ ಇಟ್ಟರು. ಬಾಲರಾಜುಗೆ ಐದೂ ಒಂದೇ ಥರ ಕಾಣುತ್ತಿದ್ದವು.

"ಇವು ಎರಡು ನನ್ನವು. ಇವು ಮೂರು ನನ್ನವಲ್ಲ."

ಎಡಗಡೆಯವು ಯಜಮಾನರು ಖುದ್ದಾಗಿ ಬಂದಿದ್ದ ಮನೆಗಳದ್ದು. ಬಲಗಡೆಯವು ಲಕೋಟೆಯಲ್ಲಿ ಬಂದದ್ದು. ಯಾವುದು ಯಾವ ಮನೆಯದ್ದು ಅಂತ ಬಾಲರಾಜು ಬಾಯಿ ಬಿಟ್ಟಿರಲಿಲ್ಲ.

"ಎಂಗೆ ಹೇಳ್ತೀರಿ?"

ಸಾಬರು ಅವನ ಬೆರಳು ಹಿಡಿದು ಒಂದು ಬುಗುರಿಯ ಮೇಲೆ ಆಡಿಸಿದರು. ಒಂದು ಕಡೆ ಅರಗು ಕೂದಲೆಳೆಯಷ್ಟು ದಪ್ಪ ಇತ್ತು. ಕೆಲಸ ಕಲಿಯುವಾಗ ಕೆಲವರಿಗೆ ಒಂದು ಚಟ ಹತ್ತುತ್ತದಂತೆ, ಅರಗು ಹಚ್ಚುವಾಗ ಉಸಿರು ಬಿಗಿಹಿಡಿಯೋದು. ಹಿಡಿದ ಉಸಿರು ಬಿಟ್ಟ ಕೂಡಲೇ ಕೈ ಒಸಿ ಅದುರುತ್ತದೆ, ಅಲ್ಲಿ ಅರಗು ಕೂರುತ್ತದೆ. ಗಿರಾಕಿಗೆ ಗೊತ್ತಾಗಲ್ಲ, ಕಲಿಸಿದವನಿಗೆ ಗೊತ್ತಾಗುತ್ತದೆ.

"ಉಸಿರು ಹಿಡೀಬೇಡ, ಹಿಡೀಬೇಡ ಅಂತ ಬೈದೂ ಬೈದೂ ಸಾಕಾಗಿತ್ತು," ಅಂದರು ಸನಾವುಲ್ಲಾ. "ಬೇಸಿಗೆ ರಜದಲ್ಲಿ ಇಲ್ಲೇ, ನನ್ನ ಮಗ್ಗುಲಲ್ಲೇ ಕೂತಿರ್ತಿದ್ಲು."

ಬಾಲರಾಜುಗೆ ಯಾರು ಅಂತ ಕೇಳುವ ಧೈರ್ಯ ಬರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಹೊರಗೆ ಸ್ಕೂಟಿ ಬಂದು ನಿಂತಿತು. ಸನಾವುಲ್ಲಾ ಎರಡೂ ಕೈ ಚಾಚಿ ಐದು ಬುಗುರಿಯನ್ನೂ ಒಟ್ಟಿಗೆ ಬೆರೆಸಿ, ತಮ್ಮ ಮಡಿಲಿಗೆ ಎಳೆದುಕೊಂಡರು. ಮುದುಕರ ಕೈ ಅಷ್ಟು ಬೇಗ ಓಡಿದ್ದನ್ನು ಬಾಲರಾಜು ನೋಡೇ ಇರಲಿಲ್ಲ.

ಅಸ್ರಾ ಟಿಫನ್ ಕ್ಯಾರಿಯರ್ ಹಿಡಿದು ಒಳಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಹೆಗಲ ಮೇಲೆ ಪಾಂಪ್ಲೆಟ್ ಬ್ಯಾಗು. ಬಾಲರಾಜುವನ್ನು ನೋಡಿ ಅಲ್ಲೇ ನಿಂತಳು.

"ಯಾರು ಅಂತ ಗೊತ್ತಾಯ್ತಾ ಬಾಲಣ್ಣ?"

ಬಾಲರಾಜು ಬಾಯಿ ತೆರೆಯುವ ಮೊದಲೇ ಸಾಬರು ಹೇಳಿದರು. "ನಾನು, ಬೇಟಿ. ಹನ್ನೊಂದು ಮನೆಗೂ ನಾನೇ ಹೋಗಿದ್ದು. ಕಾಗದಾನೂ ನಾನೇ ಬರೆಸಿದ್ದು. ಆ ಮಾಗಡಿ ಕೆಲಸಕ್ಕೆ ನೀನು ಹೋಗ್ಲಿ ಅಂತ."

ಅವಳು ಅಪ್ಪನ ಮಡಿಲಲ್ಲಿದ್ದ ಬುಗುರಿಗಳನ್ನು ನೋಡಿದಳು. ಅಪ್ಪನ ಮುಖ ನೋಡಿದಳು. ಕ್ಯಾರಿಯರ್ ಕೆಳಗಿಟ್ಟು ಅವರ ಎದುರಿಗೆ ಮಂಡಿಯೂರಿ ಕೂತು, ಗಡ್ಡಕ್ಕೆ ಅಂಟಿದ್ದ ಹೊಟ್ಟು ತೆಗೆಯತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಾಲ್ಕು ಮನೆ ನೀವಾ ಅಬ್ಬಾ," ಅಂದಳು. "ನನ್ನ ಗುಟ್ಟು ತಿಳಿದು, ನನ್ನ ಸಿಕ್ಕಿಸೋಕೆ ಅವರೇ ಯಾರನ್ನೋ ಕಳಿಸ್ತಿದ್ದಾರೆ ಅಂದ್ಕೊಂಡು ನಾನು ಎಷ್ಟು ಹೆದರಿದ್ದೆ."

ಆಮೇಲೆ ಬಾಲರಾಜು ಕಡೆ ತಿರುಗಿದಳು. "ಉಳಿದ ಏಳು ನಂದು, ಬಾಲಣ್ಣ. ಅಬ್ಬಾ ಸುಳ್ಳು ಹೇಳ್ತಿದ್ದಾರೆ."

ತಾನೇ ಕಟ್ಟಿದ ಶಾಲೆ, ತಾನೇ ಕೈಹಿಡಿದು ಕರೆದ ಮಕ್ಕಳು. ಬಾಲರಾಜುಗೆ ತಲೆ ಬುಡ ಅರ್ಥವಾಗಲಿಲ್ಲ. ಯಾಕಮ್ಮಾ ಅಂದ. ಅವಳು ಬ್ಯಾಗಿನೊಳಗೆ ಕೈ ಹಾಕಿದಳು. ಪಾಂಪ್ಲೆಟ್ ಕೆಳಗಿಂದ ರಬ್ಬರ್ ಬ್ಯಾಂಡ್ ಹಾಕಿದ ಲಕೋಟೆ ಕಟ್ಟೊಂದನ್ನು ತೆಗೆದಳು. ಪ್ರತಿಯೊಂದು ಲಕೋಟೆಯ ಹೊಟ್ಟೆಯೂ ಉಬ್ಬಿತ್ತು, ಪ್ರತಿಯೊಂದರ ಮೇಲೂ ಒಂದು ಮಗುವಿನ ಹೆಸರಿತ್ತು.

"ಹತ್ತೊಂಬತ್ತಿವೆ. ಇನ್ನು ನಾನು ಹೋದ್ರೆ ಸಿಕ್ಕಿಬೀಳ್ತೀನಿ. ಶನಿವಾರದೊಳಗೆ ನೀವು ಹಂಚಿಕೊಡ್ತೀರಾ?"

"ಶಾಲೆ ಮುಚ್ಚೋಗ್ತದಲ್ಲಮ್ಮ!"

"ಮುಚ್ಚಲಿ. ಜೂನ್‌ನಲ್ಲಿ ಮಳೆ ಹಿಡಿದ್ರೆ ಆ ಗೋಡೆ ನಿಲ್ಲಲ್ಲ, ಒಂದು ಮಗುವೂ ಆ ಕಟ್ಟಡದೊಳಗೆ ಕಾಲಿಡಬಾರದು. ಇಷ್ಟು ಸಾಕು ಬಾಲಣ್ಣ, ಇದಕ್ಕಿಂತ ಹೆಚ್ಚು ಗೊತ್ತಾದ್ರೆ ಅವರು ನಿಮ್ಮನ್ನೂ ಸುಮ್ಮನೆ ಬಿಡಲ್ಲ."

ಅವರು ಅಂದ್ರೆ ಟ್ರಸ್ಟಿನೋರಾ ಅಂತ ಸನಾವುಲ್ಲಾ ಕೇಳಿದರು. ಅವಳು ಲಕೋಟೆ ಕಟ್ಟನ್ನು ಬಾಲರಾಜುವಿನ ತೊಡೆ ಮೇಲಿಟ್ಟು, ಕ್ಯಾರಿಯರಿನ ಮುಚ್ಚಳ ತೆಗೆದಳು.

"ಅನ್ನ ಆರಿಹೋಗ್ತದೆ ಅಬ್ಬಾ," ಅಂದಳು. "ಮೊದಲು ಊಟ ಮಾಡಿ."